ಕರಡಿ ಮಾವನ ಎರಡನೆಯ ಆರ್

ನನ್ನ ಸೋದರಮಾವನನ್ನು ಬೀದಿಯವರೆಲ್ಲ ಕರಡಿ ಮಾವ ಎನ್ನುತ್ತಿದ್ದರು. ಹೆಸರಿಗೂ ಆಳಿಗೂ ತಾಳೆಯೇ ಆಗುತ್ತಿರಲಿಲ್ಲ. ಆಳು ಸಣಕಲು. ಮೈಮೇಲಿನ ಕೂದಲನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಹಲ್ಲುಜ್ಜುವ ಬ್ರಷ್ಷಿಗೆ ಸಾಲುತ್ತಿರಲಿಲ್ಲ. ಹೆಸರು ಬಂದದ್ದು ಕರಡಿಯಿಂದಲ್ಲ, ಕರಡಿನಿಂದ. ಅಚ್ಚಿಗೆ ಹೋಗುವ ಮೊದಲು ತೆಗೆಯುವ ಕರಡು ಪ್ರತಿಯಲ್ಲಿ ತಪ್ಪು ಹುಡುಕಿ ತಿದ್ದುವುದು ಅವರ ಕೆಲಸ. ಒಂದೇ ಮುದ್ರಣಾಲಯದಲ್ಲಿ, ಒಂದೇ ಕುರ್ಚಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರು. ಕರಡು ಮಾವ ಮಕ್ಕಳ ಬಾಯಲ್ಲಿ ಕರಡಿ ಮಾವ ಆದರು. ಅತ್ತೆಗಂತೂ ಆ ಹೆಸರು ಬಹಳ ಹಿಡಿಸಿತ್ತು. ಸಂಜೆ ಗೇಟಿನ ಸದ್ದಾದರೆ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಕರಡಿ ಗುಹೆಗೆ ಬಂತಾ?" ಎಂದು ಕೇಳುತ್ತಿದ್ದರು.

ಮಾವನ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಔಷಧಿಯ ಚೀಟಿ, ಬಸ್ಸಿನ ಟಿಕೆಟ್ಟು, ಲಿಫ್ಟಿನೊಳಗಿನ ಸೂಚನೆ, ಯಾವುದನ್ನೂ ಅವರು ಬಿಡುತ್ತಿರಲಿಲ್ಲ. ಅತ್ತೆ ಬರೆದುಕೊಟ್ಟ ಸಾಮಾನಿನ ಪಟ್ಟಿಯನ್ನು ದಾರಿಯಲ್ಲೇ ತಿದ್ದಿ, ತಿದ್ದಿದ ಖುಷಿಯಲ್ಲಿ ಸಾಮಾನು ಮರೆತು, ಪಟ್ಟಿಯನ್ನು ಮಾತ್ರ ವಾಪಸ್ಸು ತಂದದ್ದೂ ಉಂಟು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಊರು ಬಿಟ್ಟು ಬಂದು ಮಾವನ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಅಪ್ಪನಿಗೆ ಬರೆದ ಮೊದಲ ಕಾಗದವನ್ನು ಮಾವ ಕೆಂಪು ಶಾಯಿಯಲ್ಲಿ ತಿದ್ದಿಯೇ ಅಂಚೆಗೆ ಹಾಕಿದರು. ಊರಿನಲ್ಲಿ ಅದನ್ನು ಅಪ್ಪನಿಗೆ ಓದಿ ಹೇಳಿದವರು, "ಮಗಳ ಓದು ಯಾಕೋ ಸರಿ ಇದ್ದಂಗಿಲ್ಲ, ಪೂರ್ತಿ ಕೆಂಪಾಗಿದೆ" ಎಂದರಂತೆ. ಅಪ್ಪ ಮಾರನೆಯ ದಿನವೇ ಬಸ್ಸು ಹತ್ತಿ ಬಂದುಬಿಟ್ಟರು.

ಮುದ್ರಣಾಲಯ ಮುಚ್ಚಿದಾಗ ಮಾವನಿಗೆ ಐವತ್ತೇಳು. ಒಂದು ತಿಂಗಳು ಮನೆಯಲ್ಲಿ ಕೂತು ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿದ್ದಿ, ಮಡಿಸಿ, ಸಂಪಾದಕರಿಗೆ ವಾಪಸ್ಸು ಕಳಿಸುತ್ತಿದ್ದರು. ಅದು ಮುಗಿದ ಮೇಲೆ ಅತ್ತೆ ಹೊಲಿದ ಅಂಗಿಗಳ ಗುಂಡಿಗಳ ನಡುವಿನ ಅಂತರ ಅಳೆಯಲು ಶುರುಮಾಡಿದರು.

"ಇವರನ್ನ ಎಲ್ಲಾದ್ರೂ ಕೆಲಸಕ್ಕೆ ಸೇರಿಸೇ," ಎಂದು ಅತ್ತೆ ನನ್ನ ಕೈ ಹಿಡಿದರು. "ಇಲ್ಲಾಂದ್ರೆ ನಾನೇ ಮನೆ ಬಿಟ್ಟು ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ."

ಕೆಲಸ ಸಿಕ್ಕಿದ್ದು ನನ್ನ ಕಂಪ್ಯೂಟರ್ ಕೆಟ್ಟದ್ದರಿಂದ. ಅದರ ಹಾರ್ಡ್ ಡ್ರೈವು ಹೋಗಿತ್ತು. ಕಂಪ್ಯೂಟರಿನ ನೆನಪೆಲ್ಲ ಇರುವುದು ಆ ಅಂಗೈಯಗಲದ ಲೋಹದ ಡಬ್ಬಿಯಲ್ಲೇ. ಬಸ್‌ ನಿಲ್ದಾಣದ ಹಿಂದಿನ ರಿಪೇರಿ ಅಂಗಡಿಗೆ ಮಾವನೂ ನಾನೂ ಹೋದೆವು. ಅಂಗಡಿಯೊಡತಿಯನ್ನು ಎಲ್ಲರೂ ಸ್ಕ್ರೂ ಅಕ್ಕ ಎನ್ನುತ್ತಿದ್ದರು. ನಲವತ್ತರ ಹೆಂಗಸು, ಗಂಟು ಹಾಕಿದ ಜಡೆಯಲ್ಲಿ ಯಾವಾಗಲೂ ಒಂದು ಸ್ಕ್ರೂ ಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದರು. ಅವರು ಹೊಸ ಡ್ರೈವಿನ ಡಬ್ಬಿ ಒಡೆದು ಮೇಜಿನ ಮೇಲಿಟ್ಟರು. ಮಾವ ಅದನ್ನು ಎತ್ತಿಕೊಂಡು ತಲೆಕೆಳಗು ಮಾಡಿ ಓದತೊಡಗಿದರು.

"ಮಾವ, ಉಲ್ಟಾ ಹಿಡ್ಕೊಂಡಿದ್ದೀರಿ," ಎಂದರು ಅಕ್ಕ.

"ಗೊತ್ತಮ್ಮ. ನೆಟ್ಟಗೆ ಹಿಡಿದ್ರೆ ಕಣ್ಣು ಅರ್ಥ ಓದಿಬಿಡುತ್ತೆ. ಅಕ್ಷರ ಓದಬೇಕಂದ್ರೆ ಉಲ್ಟಾನೇ ಹಿಡೀಬೇಕು." ಮಾವ ಡಬ್ಬಿಯನ್ನೂ ತಲೆಕೆಳಗು ಮಾಡಿದರು. "ಈ ಡಬ್ಬಿ ಮೇಲೆ ಎಂಟು ಅಂತಿದೆ. ಈ ಡ್ರೈವಿನ ಮೇಲೆ ಅದೇ ಜಾಗದಲ್ಲಿ ಇಂಗ್ಲಿಷಿನ ಬಿ ಅಂತಿದೆ. ಇದರಲ್ಲಿ ಯಾವುದು ಸರಿ?"

ಅಕ್ಕ ಡ್ರೈವನ್ನು ಕಸಿದುಕೊಂಡು ನೋಡಿದರು. ಹದಿನೈದು ಅಕ್ಷರ, ಅಂಕಿಗಳ ಕ್ರಮಸಂಖ್ಯೆಯಲ್ಲಿ ಒಂದೇ ಒಂದು ವ್ಯತ್ಯಾಸ. ಕಂಪ್ಯೂಟರಿಗೆ ಚುಚ್ಚಿ ಪರೀಕ್ಷಿಸಿದರೆ, ಹೊಸದೆಂದು ಬಂದ ಆ ಡ್ರೈವು ಅದಾಗಲೇ ಮೂರು ವರ್ಷ ಹಗಲೂ ರಾತ್ರಿ ಎಲ್ಲೋ ತಿರುಗಿ ಸುಸ್ತಾಗಿತ್ತು.

"ನಾಳೆಯಿಂದ ಬರ್ತೀರಾ?" ಎಂದರು ಅಕ್ಕ.

"ಎಲ್ಲಿಗೆ?"

"ಕೆಲಸಕ್ಕೆ ಮಾವ!"

ಮಾವ ಅಂದು ಮನೆಯವರೆಗೂ ನಡೆದೇ ಬಂದರು. ಬಸ್ಸಿದೆ ಎಂದು ಎರಡು ಸಲ ನೆನಪಿಸಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ನಕಲಿ ಡ್ರೈವು ಎಂದರೆ ಯಾರೋ ಗುಡಿಸಲಿನಲ್ಲಿ ಕೂತು ತಯಾರಿಸಿದ್ದಲ್ಲ. ದೊಡ್ಡ ದೊಡ್ಡ ಕಚೇರಿಗಳು ವರ್ಷಾನುಗಟ್ಟಲೆ ಓಡಿಸಿ ಬಿಸಾಡಿದ್ದನ್ನು ತಂದು, ಒರೆಸಿ, ಓಡಿದ ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ, ಮೇಲೊಂದು ಹೊಸ ಲೇಬಲ್ ಅಂಟಿಸಿದರೆ ಮುಗಿಯಿತು. ಒಳಗೆ ಮುದುಕ, ಹೊರಗೆ ಮದುಮಗ. ಇಂಥವನ್ನು ಹಿಡಿಯುವುದಕ್ಕೆ ಅಕ್ಕನ ಹತ್ತಿರ ಕಂಪ್ಯೂಟರಿನ ಪರೀಕ್ಷೆಗಳಿದ್ದವು. ಮಾವನ ಹತ್ತಿರ ಕಣ್ಣು, ಮೂಗು, ಉಗುರು. ತಿರುಪು ಕೂರುವ ತೂತಿನ ಅಂಚಿಗೆ ಉಗುರು ತಾಗಿಸಿ, "ಇದಕ್ಕೆ ಒಮ್ಮೆ ಮದುವೆ ಆಗಿದೆ" ಎನ್ನುತ್ತಿದ್ದರು. ತಂತಿ ಚುಚ್ಚುವ ಕಡೆಯ ಹಳದಿ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಗೀರು ಕಂಡರೆ ತಲೆ ಅಲ್ಲಾಡಿಸುತ್ತಿದ್ದರು. ಲೇಬಲ್ಲಿಗೆ ಮೂಗು ಹಚ್ಚಿ, "ಈ ಅಂಟು ವಯಸ್ಸಿಗೆ ಬಂದಿಲ್ಲ" ಎನ್ನುತ್ತಿದ್ದರು. ಒಮ್ಮೆ ಒಬ್ಬ ಗಿರಾಕಿ ಪ್ರಯಾಣದಲ್ಲಿ ಕೊಂಡ ಭಾರಿ ಡ್ರೈವು ತಂದು, ಏನೂ ಉಳಿಯುತ್ತಿಲ್ಲ ಎಂದು ಅತ್ತುಕೊಂಡ. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು. ಬಿಚ್ಚಿದರೆ ಒಳಗೆ ಉಗುರಿನಷ್ಟು ಮೆಮೊರಿ ಕಾರ್ಡು, ತೂಕಕ್ಕೆ ಎರಡು ಕಬ್ಬಿಣದ ನಟ್ಟು. "ಮುನ್ನುಡಿ ಮಾತ್ರ ದೊಡ್ಡದು," ಎಂದರು ಮಾವ, "ಪುಸ್ತಕಾನೇ ಇಲ್ಲ." ಅಳುತ್ತಿದ್ದ ಗಿರಾಕಿಯೂ ನಕ್ಕುಬಿಟ್ಟ.

ಶನಿವಾರ ಕಾಲೇಜು ಅರ್ಧ ದಿನ. ಆಗ ನಾನು ಅಂಗಡಿಗೆ ಹೋಗಿ ಕ್ರಮಸಂಖ್ಯೆ ಓದಿಕೊಡುತ್ತಿದ್ದೆ. ಮುದ್ರಣಾಲಯದಲ್ಲಿ ಹೀಗೆಯೇ ಅಂತೆ: ಒಬ್ಬರು ಮೂಲ ಪ್ರತಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡಬೇಕು. ನಾನು ಕಂಪ್ಯೂಟರಿನ ಪರದೆ ನೋಡಿ "ಎಸ್, ನಾಲ್ಕು, ಸೊನ್ನೆ, ಸೊನ್ನೆ, ಕೆ" ಎಂದು ಕೂಗುವುದು, ಮಾವ ತಲೆಕೆಳಗಾದ ಲೇಬಲ್ಲಿನ ಮೇಲೆ ಬೆರಳು ಜಾರಿಸುತ್ತ "ಹೂಂ, ಹೂಂ, ಹೂಂ" ಎನ್ನುವುದು. ಬೀದಿಯಲ್ಲಿ ಹೋಗುವವರು ಒಳಗೆ ಯಾವುದೋ ಮಂತ್ರೋಪದೇಶ ನಡೆದಿದೆ ಎಂದು ಇಣುಕುತ್ತಿದ್ದರು.

ಅಕ್ಕನದು ಒಂದೇ ಕಟ್ಟುನಿಟ್ಟು. ನಕಲಿ ಮಾಲಿಗೆ ಕೈ ಹಚ್ಚಿದವರು ಅಂಗಡಿಯ ಮೆಟ್ಟಿಲು ಹತ್ತಕೂಡದು. ಇದು ಬಾಯಿಮಾತಲ್ಲ. ಜೊತೆಗೇ ಅಂಗಡಿ ಶುರುಮಾಡಿದ್ದ ಸ್ವಂತ ತಮ್ಮನೇ ಹಳೆ ಡ್ರೈವಿಗೆ ಲೇಬಲ್ ಬದಲಿಸಿದ್ದು ತಿಳಿದಾಗ, ಅವನ ಕುರ್ಚಿಯನ್ನು ಎತ್ತಿ ಬೀದಿಗಿಟ್ಟಿದ್ದರು. ಐದು ವರ್ಷವಾಗಿತ್ತು, ಅವನೊಡನೆ ಮಾತಿರಲಿಲ್ಲ. ಆ ಜಾಗದಲ್ಲೇ ಈಗ ಮಾವನ ಕುರ್ಚಿ.

ಮಾವ ಸೇರಿ ಎರಡೂವರೆ ವರ್ಷವಾದ ಮೇಲೆ ಅಂಗಡಿಗೆ ಒಂದು ದೊಡ್ಡ ಕೆಲಸ ಬಂತು. ಕಣ್ಣು ಕಾಣದ ಮಕ್ಕಳ ಶಾಲೆಯೊಂದರಲ್ಲಿ ಧ್ವನಿ ಗ್ರಂಥಾಲಯವಿತ್ತು. ಮೂವತ್ತು ವರ್ಷಗಳಿಂದ ಊರಿನ ಜನ ಬಿಡುವಿನಲ್ಲಿ ಬಂದು ಪುಸ್ತಕ, ಪಾಠ, ಕಥೆ ಎಲ್ಲವನ್ನೂ ಓದಿ ಟೇಪಿನಲ್ಲಿ ತುಂಬಿಸಿದ್ದರು. ಟೇಪುಗಳು ಬೂಷ್ಟು ಹಿಡಿದು ಹೋಗಿದ್ದವು. ಅದಕ್ಕೂ ಮೊದಲೇ ಎಲ್ಲವನ್ನೂ ಒಂದು ಕಂಪ್ಯೂಟರಿಗೆ ಇಳಿಸಿದ್ದರು. ಆ ಕಂಪ್ಯೂಟರು ಈಗ ದಿನಕ್ಕೆ ಎರಡು ಸಲ ಮೂರ್ಛೆ ಹೋಗುತ್ತಿತ್ತು. ಅದು ಕಣ್ಣು ಮುಚ್ಚುವ ಮೊದಲು ಎಲ್ಲವನ್ನೂ ಹೊಸ ಡ್ರೈವುಗಳಿಗೆ ಇಳಿಸಬೇಕು. ಮೂಲ ಸಂಗ್ರಹಕ್ಕೆ ಎರಡು, ಬೇರೆ ಬೇರೆ ಶಾಲೆಗಳಿಗೆ ಉಳಿದವು, ಒಟ್ಟು ಇಪ್ಪತ್ತು. ಅಷ್ಟು ದೊಡ್ಡ ಗಾತ್ರದ ಡ್ರೈವು ನಮ್ಮ ಅಂಗಡಿಗೆ ಬಂದದ್ದೇ ಅದು ಮೊದಲು. ತಂದುಕೊಟ್ಟದ್ದು ಗ್ಯಾರಂಟಿ ಅಣ್ಣ ಎಂಬ ಸರಬರಾಜುದಾರ. ಮಾತಿಗೊಂದು ಸಲ ಗ್ಯಾರಂಟಿ ಎನ್ನುವುದರಿಂದ ಆ ಹೆಸರು. "ಮಳೆ ಬರುತ್ತಾ ಅಣ್ಣ?" ಎಂದು ಕೇಳಿದರೂ "ಗ್ಯಾರಂಟಿ" ಎನ್ನುತ್ತಿದ್ದ.

ಆ ಶನಿವಾರ ಸಂಜೆ ಐದಕ್ಕೆ ಗ್ರಂಥಾಲಯದ ಟೀಚರ್ ಕಂಪ್ಯೂಟರ್ ಹೊತ್ತು ಬರುವವರಿದ್ದರು. ಮಧ್ಯಾಹ್ನ ಅಕ್ಕ ಎಂಟು ಡ್ರೈವುಗಳನ್ನು ಒಟ್ಟಿಗೆ ಸ್ಟ್ಯಾಂಡಿಗೆ ಚುಚ್ಚಿ ಓಡಿಸಿದರು. ಎಲ್ಲವೂ ಗುಂಯ್ ಎಂದು ಹಾಡಿದವು. ನಡುವೆ ಯಾವುದೋ ಒಂದು "ಖೊಕ್" ಎಂದಿತು.

"ಯಾರು ಕೆಮ್ಮಿದ್ದು?" ಎಂದರು ಅಕ್ಕ.

"ನಾನಲ್ಲ," ಎಂದರು ಮಾವ.

"ನಾನೂ ಅಲ್ಲ," ಎಂದೆ.

ಮೂವರೂ ಒಂದೊಂದು ಡ್ರೈವಿಗೆ ಕಿವಿ ಹಚ್ಚಿ ಡಾಕ್ಟರುಗಳ ಹಾಗೆ ಬಗ್ಗಿ ನಿಂತೆವು. ಮತ್ತೆ ಯಾವುದೂ ಕೆಮ್ಮಲಿಲ್ಲ. ಆದರೆ ಹುಟ್ಟಿದ ದಿನವೇ ಕೆಮ್ಮುವ ಡ್ರೈವು ಉಂಟೇ? ಅಕ್ಕ ಎಲ್ಲ ಪರೀಕ್ಷೆಯನ್ನೂ ಮಾಡಿದರು. ಇಪ್ಪತ್ತೂ ಓಡಿದ್ದು ಸೊನ್ನೆ ಗಂಟೆ. ನಾನು ಕೂಗಿದ ಕ್ರಮಸಂಖ್ಯೆಗೂ ಲೇಬಲ್ಲಿಗೂ ಒಂದಕ್ಷರ ತಪ್ಪಿರಲಿಲ್ಲ. ಹಳದಿ ಹಲ್ಲುಗಳು ಫಳಫಳ. ಲೇಬಲ್ ಕಿತ್ತು ನೋಡಿದರೆ ತಿಳಿದೀತು, ಆದರೆ ಕಿತ್ತರೆ ಕಂಪನಿಯ ವಾರಂಟಿ ಹೋಯಿತು, ವಾಪಸ್ಸು ಕೊಡುವ ಹಾಗೂ ಇಲ್ಲ.

"ಹಾಳಾಗಿ ಹೋಗ್ಲಿ, ಪೂರ್ತಿ ಲೇಬಲ್ ಓದೋಣ," ಎಂದರು ಮಾವ. "ಮೂಲೇಲಿರೋ ಕಸದ ಡಬ್ಬಿಯ ಚಿತ್ರಾನೂ ಬಿಡಬೇಡ."

ನಾನು ಒಂದು ಡ್ರೈವು ಹಿಡಿದು ಅಕ್ಷರ ಅಕ್ಷರ ಓದಿದೆ, ಮಾವ ಇನ್ನೊಂದನ್ನು ತಲೆಕೆಳಗು ಹಿಡಿದು ಹೂಂ ಹೂಂ ಎಂದರು. ಆರನೆಯ ಡ್ರೈವಿನಲ್ಲಿ ಅವರ ಬೆರಳು ನಿಂತಿತು.

"ಮತ್ತೆ ಓದು."

"ಡಬ್ಲ್ಯೂ, ಎ, ಆರ್, ಆರ್..."

"ನಿಲ್ಲು! ಇದರಲ್ಲಿ ಒಂದೇ ಆರ್ ಇದೆ!"

ಲೇಬಲ್ಲಿನ ಕೊನೆಯ ಸಾಲಿನಲ್ಲಿ, ಇರುವೆಯ ಗಾತ್ರದ ಅಕ್ಷರಗಳಲ್ಲಿ, ಕಿತ್ತರೆ ವಾರಂಟಿ ಇಲ್ಲ ಎಂಬ ಎಚ್ಚರಿಕೆ. ಇಂಗ್ಲಿಷಿನಲ್ಲಿ ವಾರಂಟಿಗೆ ಎರಡು ಆರ್ ಬೇಕು. ಇಪ್ಪತ್ತನ್ನೂ ತಿರುವಿ ನೋಡಿದೆವು. ಹದಿಮೂರರಲ್ಲಿ ಎರಡು ಆರ್. ಏಳರಲ್ಲಿ ಒಂದೇ.

ಅಕ್ಕ ಕುಣಿದೇಬಿಟ್ಟರು. "ಏಳು ನಕಲಿ! ಸಿಕ್ಕಿಬಿದ್ದ! ಕಳ್ಳ ಸ್ಪೆಲಿಂಗ್ ತಪ್ಪು ಮಾಡಿ ಸಿಕ್ಕಿಬಿದ್ದ! ಮಾವ, ನಿಮ್ಮ ಕಣ್ಣಿಗೆ ನಾನು ಇನ್ಶೂರೆನ್ಸ್ ಮಾಡಿಸ್ತೀನಿ!" ಪಕ್ಕದ ಝೆರಾಕ್ಸ್ ಅಂಗಡಿಯವರು ಗದ್ದಲ ಕೇಳಿ ಓಡಿಬಂದರು. ಅವರಿಗೂ ಭೂತಗನ್ನಡಿ ಕೊಟ್ಟು ತೋರಿಸಿದ್ದಾಯಿತು. ಅವರಿಗೆ ಎರಡೂ ಒಂದೇ ಥರ ಕಂಡವು, ಆದರೂ "ಅಬ್ಬಬ್ಬಾ!" ಎಂದರು.

ಗ್ಯಾರಂಟಿ ಅಣ್ಣನಿಗೆ ಫೋನು ಹೋಯಿತು. ಕರೆದರೆ ಎರಡು ದಿನಕ್ಕೆ ಬರುವ ಆಸಾಮಿ ಅರ್ಧ ಗಂಟೆಯಲ್ಲಿ ವ್ಯಾನಿನೊಂದಿಗೆ ಹಾಜರಾದ. ಬೆವರು ಒರೆಸಿಕೊಳ್ಳುತ್ತ ಬಂದವನು ಮೇಜಿನ ಮೇಲಿನ ಎರಡು ರಾಶಿಯನ್ನು ನೋಡಿದ. ಅಕ್ಕ ಒಂದು ಆರ್‌ನ ಕಥೆ ಹೇಳಿದರು. ಕೇಳುತ್ತ ಕೇಳುತ್ತ ಅವನ ಬೆವರು ಆರಿತು, ಮುಖ ಅರಳಿತು.

"ಅಯ್ಯೋ ಅಕ್ಕಾ, ನನಗೂ ಟೋಪಿ ಹಾಕಿದ್ದಾರೆ! ಈ ಏಳನ್ನ ಈಗ್ಲೇ ಕೊಡಿ, ವಾಪಸ್ ತಗೊಂಡು ಹೋಗ್ತೀನಿ. ಸೋಮವಾರ ಬೇರೆ ಏಳು, ಗ್ಯಾರಂಟಿ. ಉಳಿದ ಹದಿಮೂರು ಚಿನ್ನ, ಗ್ಯಾರಂಟಿ." ಆಮೇಲೆ ಮಾವನ ಎರಡೂ ಕೈ ಹಿಡಿದು ಕುಲುಕಿದ. "ಇಂಥೋರಿಗೆ ಬಹುಮಾನ ಕೊಡಬೇಕು ಅಕ್ಕಾ! ಏನು ಕಣ್ಣು, ಏನು ಕಣ್ಣು!"

ಚಹಾ ಬಂತು, ಬಿಸ್ಕತ್ತು ಬಂತು. ಮಾವ ಇಪ್ಪತ್ತೊಂಬತ್ತು ವರ್ಷ ತಿದ್ದಿದ್ದಕ್ಕೆ ಒಂದು ಸಲವೂ ಇಷ್ಟು ಹೊಗಳಿಕೆ ಕೇಳಿದವರಲ್ಲ. ತಪ್ಪು ಉಳಿದರೆ ಬೈಗುಳ, ಉಳಿಯದಿದ್ದರೆ ಮೌನ, ಅಷ್ಟೇ ಅವರ ಸಂಪಾದನೆ. ಈಗ ಕಿವಿಯ ತುದಿ ಕೆಂಪಾಗಿ, ಕೈಯಲ್ಲಿ ಬಿಸ್ಕತ್ತು ಹಿಡಿದೇ ಝೆರಾಕ್ಸಿನವರಿಗೆ ತಲೆಕೆಳಗಾಗಿ ಓದುವ ವಿದ್ಯೆ ಕಲಿಸತೊಡಗಿದರು. "ಮೊದಲು ಸರಿ ಇರೋದನ್ನ ನೋಡಿ, ಆಮೇಲೆ ತಪ್ಪು ತಾನಾಗೇ ಕಾಣುತ್ತೆ" ಎಂದು ಹದಿಮೂರರ ರಾಶಿಯಿಂದ ಒಂದನ್ನು ಎತ್ತಿಕೊಂಡರು. ನೋಡಿದರು. ಇನ್ನಷ್ಟು ಹತ್ತಿರ ಹಿಡಿದು ನೋಡಿದರು. ಬಿಸ್ಕತ್ತು ಚಹಾದೊಳಕ್ಕೆ ಬಿತ್ತು.

ಸದ್ದಿಲ್ಲದೆ ಎದ್ದು ಹಿಂದಿನ ಗೋದಾಮಿಗೆ ಹೋದರು. ನಾನೂ ಹಿಂದೆಯೇ ಹೋದೆ. ಹಳೆಯ ಮಾನಿಟರುಗಳ ನಡುವೆ ನಿಂತು ಡ್ರೈವನ್ನು ಎದೆಗೆ ಒತ್ತಿಕೊಂಡಿದ್ದರು. ಮುಖದಲ್ಲಿ ನಗು ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು.

"ಮಗೂ, ಇದು ನನ್ನ ಆರ್."

"ಏನು ಮಾವ?"

"ಈ ಎರಡನೇ ಆರ್ ನಂದು. ನೋಡು, ಎಷ್ಟು ಇಕ್ಕಟ್ಟಾಗಿ ಕೂತಿದೆ. ಸಾಲಲ್ಲಿ ಜಾಗ ಇರ್ಲಿಲ್ಲ. ಮುಂದಿನ ಪದದ ಹತ್ತಿರ ಕೂದಲೆಳೆಯಷ್ಟು ಜಾಗ ಕದ್ದು ನಾನೇ ತೂರಿಸಿದ್ದು!"

ಮೂರು ವರ್ಷದ ಹಿಂದೆ, ಮುದ್ರಣಾಲಯ ಮುಚ್ಚುವುದಕ್ಕೆ ಸ್ವಲ್ಪ ಮೊದಲು, ಯಾರೋ ಒಬ್ಬ ಬಂದಿದ್ದನಂತೆ. ಗೋದಾಮಿಗೆ ನೀರು ನುಗ್ಗಿ ಸರಕಿನ ಲೇಬಲ್ಲುಗಳು ಹಾಳಾಗಿವೆ, ಈ ಮಾದರಿಯಂತೆಯೇ ಹೊಡೆದುಕೊಡಿ, ಒಂದು ಚುಕ್ಕೆಯೂ ಆಚೀಚೆ ಆಗಬಾರದು ಎಂದಿದ್ದನಂತೆ. ಕರಡು ಮಾವನ ಮೇಜಿಗೆ ಬಂತು. ಮಾದರಿಯಲ್ಲಿ ಒಂದೇ ಆರ್. ಚುಕ್ಕೆಯೂ ಬದಲಾಗಬಾರದು ಎಂದರೆ ಮಾವ ಸುಮ್ಮನಿರುತ್ತಾರೆಯೇ? ತಪ್ಪನ್ನು ಕಂಡೂ ಅಚ್ಚಿಗೆ ಬಿಡುವುದು ಅವರಿಂದಾಗದ ಕೆಲಸ. ಕೆಂಪು ಪೆನ್ನು ತೆಗೆದು ಒಂದು ಆರ್ ಸೇರಿಸಿದ್ದರು. ಗಿರಾಕಿ ಗಮನಿಸಲೇ ಇಲ್ಲ.

"ಸಾವಿರಾರು ಲೇಬಲ್ಲು ಹೊಡೆದ್ವಿ. ಮೂರು ವರ್ಷ ಆದ್ರೂ ಅಲ್ಲಾಡದೆ ಕೂತಿದೆ ನೋಡು, ಹೆಂಗೆ ಕೂತಿದೆ!" ಎಂದು ಮಾವ ಸವರಿದರು. ಹಾಗೆ ಸವರುತ್ತಿರುವಾಗಲೇ ಮಿಕ್ಕ ಅರ್ಥ ಹೊಳೆದಿರಬೇಕು. ಕೈ ನಿಂತಿತು. "ಅಂದ್ರೆ... ಕಂಪನಿಯದು ಒಂದು ಆರ್. ಅಂದ್ರೆ ಏಳೇ ಅಸಲಿ. ಈ ಹದಿಮೂರು..."

"ಹೇಳ್ಬಿಡಿ ಮಾವ. ಟೀಚರ್ ಐದಕ್ಕೆ ಬರ್ತಾರೆ. ಅಷ್ಟು ಜನರ ದನಿ ಈ ಮುದುಕ ಡ್ರೈವುಗಳಿಗೆ ಹೋಗುತ್ತೆ."

"ಹೇಳಿದ್ರೆ ನಾನು ನಕಲಿ ಮಾಲಿಗೆ ಕೈ ಹಚ್ಚಿದೋನು ಆಗ್ತೀನಲ್ಲೇ. ಸ್ವಂತ ತಮ್ಮನ ಕುರ್ಚೀನೇ ಬೀದಿಗಿಟ್ಟವಳು." ಮಾವ ಬಾಗಿಲಿನ ಸಂದಿಯಿಂದ ತಮ್ಮ ಕುರ್ಚಿಯನ್ನು ನೋಡಿದರು. "ಸುಮ್ಮನಿದ್ರೆ ಬಿಸ್ಕತ್ತು. ಹೇಳಿದ್ರೆ ಮನೆ. ಮನೇಲಿ ನಿಮ್ಮತ್ತೆ, ಅವಳ ಗುಂಡಿಗಳು..."

ಹೊರಗೆ ವ್ಯಾನಿನ ಎಂಜಿನ್ನು ಗುರುಗುಟ್ಟಿತು. ಗ್ಯಾರಂಟಿ ಅಣ್ಣ ಏಳು ಡ್ರೈವುಗಳನ್ನೂ ತುಂಬಿಕೊಂಡು ಹೊರಟೇಬಿಟ್ಟಿದ್ದ.

ಮಾವ ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚಪ್ಪಲಿ ಒಂದು ಗೋದಾಮಿನಲ್ಲಿ, ಇನ್ನೊಂದು ಮೆಟ್ಟಿಲ ಮೇಲೆ. ಡ್ರೈವು ಹಿಡಿದ ಕೈಯನ್ನು ಆಕಾಶಕ್ಕೆತ್ತಿ ವ್ಯಾನಿನ ಮುಂದೆ ನಿಂತು ಒಂದೇ ಉಸಿರಿಗೆ ಕೂಗಿದರು:

"ನಿಲ್ಸಿ! ನಿಲ್ಸಿ! ತಿದ್ದುಪಡಿ ಇದೆ!"

ವ್ಯಾನು ಅವರ ಮೊಣಕಾಲಿನ ಹತ್ತಿರ ನಿಂತಿತು. ಅಕ್ಕ, ಝೆರಾಕ್ಸಿನವರು, ಬಸ್ಸಿಗೆ ಕಾಯುತ್ತಿದ್ದ ಅರ್ಧ ಜನ, ಎಲ್ಲರೂ ಸುತ್ತುಗಟ್ಟಿದರು. ಮಾವ ಅಷ್ಟು ಜನರ ಮುಂದೆ, ಬರಿಗಾಲಲ್ಲಿ, ಎಲ್ಲವನ್ನೂ ಹೇಳಿದರು. ಗಿರಾಕಿ ಬಂದದ್ದು, ಮಾದರಿ ತಂದದ್ದು, ಕೆಂಪು ಪೆನ್ನು ತೆಗೆದದ್ದು. "ತಪ್ಪಿರೋದು ಅಸಲಿ. ಸರಿ ಇರೋದು ನಕಲಿ. ಸರಿ ಮಾಡಿದ್ದು ನಾನು."

"ಇವರಿಗೆ ತಲೆ ಕೆಟ್ಟಿದ್ಯಾ ಅಕ್ಕಾ?" ಎಂದ ಗ್ಯಾರಂಟಿ ಅಣ್ಣ. "ಅಷ್ಟು ದೊಡ್ಡ ಕಂಪನಿಯವರು ಸ್ಪೆಲಿಂಗ್ ತಪ್ಪು ಹೊಡೀತಾರಾ? ಕಳ್ಳರು ಸರಿಯಾಗಿ ಹೊಡೀತಾರಾ?"

"ಕಂಪನಿಯವರ ಹತ್ತಿರ ಕರಡು ತಿದ್ದೋರು ಇರ್ಲಿಲ್ಲ," ಎಂದರು ಮಾವ. "ಕಳ್ಳರಿಗೆ ನಾನಿದ್ದೆ."

ಜನ ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ. ಮಾವನ ಕೈಯಿಂದ ಆ ಡ್ರೈವನ್ನು ತೆಗೆದುಕೊಂಡು ಒಳಗೆ ನಡೆದರು. ಕೂದಲು ಒಣಗಿಸುವ ಯಂತ್ರ ತೆಗೆದು ಲೇಬಲ್ಲಿನ ಮೇಲೆ ಬಿಸಿಗಾಳಿ ಹಿಡಿದರು. ಒಂದು ಅಸಲಿ ಡ್ರೈವು ಹಾಳಾದರೆ ಆಗಲಿ ಎಂದು ನಿಶ್ಚಯಿಸಿದ ಮುಖ. ಮೂಲೆ ಎದ್ದಿತು. ಉಗುರು ತೂರಿಸಿ ಮೆಲ್ಲಗೆ ಸುಲಿದರು. ಅಡಿಯಲ್ಲಿ ಹಳೆಯ ಅಂಟಿನ ಕಂದು ಚೌಕ, ಅದರ ಮೂಲೆಯಲ್ಲಿ ಕಿತ್ತು ಬಾರದೆ ಉಳಿದ ಕಾಗದದ ಚೂರು. ಚೂರಿನ ಮೇಲೆ ತಯಾರಾದ ವರ್ಷ. ಒಂಬತ್ತು ವರ್ಷದ ಹಿಂದಿನದು.

"ಗ್ಯಾರಂಟಿ ಅಣ್ಣ," ಎಂದರು ಅಕ್ಕ, ತೀರಾ ಮೃದುವಾಗಿ. "ಇದೇನಣ್ಣ?"

ಅವನ ಬಾಯಿಂದ ಆ ಪದ ಹೊರಡಲಿಲ್ಲ. ವ್ಯಾನಿನಿಂದ ಏಳನ್ನೂ ಇಳಿಸಿ ತಂದು ಮೇಜಿನ ಮೇಲಿಟ್ಟ. ಹದಿಮೂರನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ಅಕ್ಕ ತಡೆದರು. "ಹಂಗೇ ತಗೊಂಡು ಹೋಗಿ ಇನ್ನೊಬ್ಬರ ತಲೆಗೆ ಕಟ್ಟೋಕಾ? ಮಾವ, ಪೆನ್ನು ತೆಗೀರಿ." ಮಾವ ಕೆಂಪು ಪೆನ್ನು ತೆಗೆದರು, ಅದು ಲೋಹದ ಮೇಲೆ ಜಾರಿತು. ಝೆರಾಕ್ಸಿನವರು ಅಂಗಡಿಯಿಂದ ಅಳಿಸಲಾಗದ ದಪ್ಪ ಮಾರ್ಕರು ತಂದರು. ಹದಿಮೂರರ ಮೇಲೂ, ಹೊಟ್ಟೆ ಬೆನ್ನು ಎರಡೂ ಕಡೆ, ಮಾವ ಮುತ್ತಿನಂಥ ಅಕ್ಷರಗಳಲ್ಲಿ "ಹಳೆಯದು" ಎಂದು ಬರೆದರು. ಗ್ಯಾರಂಟಿ ಅಣ್ಣ ಅದನ್ನೆಲ್ಲ ಗೋಣಿಗೆ ತುಂಬಿಕೊಂಡು ಹೋದ. ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಜನ ಕರಗಿದ ಮೇಲೆ ಮಾವ ತಮ್ಮ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತರು.

"ನಾನೇ ಎತ್ತಿ ಹೊರಗಿಡ್ಲಾ, ಅಕ್ಕ?" ಅಕ್ಕ ಅವರಿಗಿಂತ ಹದಿನೇಳು ವರ್ಷ ಚಿಕ್ಕವರು. ಆದರೂ ಮಾವ ಎಲ್ಲರಂತೆ ಅಕ್ಕ ಎಂದೇ ಕರೆಯುತ್ತಿದ್ದರು.

ಅಕ್ಕ ಸುಲಿದ ಲೇಬಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ನನ್ನ ತಮ್ಮನ್ನ ಹೊರಗೆ ಹಾಕಿದ್ದು ಲೇಬಲ್ ಅಂಟಿಸಿದ್ದಕ್ಕಲ್ಲ ಮಾವ. ಮೂರು ಸಲ ಕೇಳ್ದೆ. ಮೂರು ಸಲಾನೂ ಸುಳ್ಳು ಹೇಳ್ದ. ನೀವು ಕೇಳೋ ಮುಂಚೇನೇ ಚಪ್ಪಲಿ ಬಿಟ್ಟು ಓಡಿ ವ್ಯಾನಿಗೆ ಅಡ್ಡ ನಿಂತ್ರಿ." ಆಮೇಲೆ ತುಟಿ ಕಚ್ಚಿ ಹಿಡಿದಿದ್ದ ನಗು ಒಡೆಯಿತು. "ಕಳ್ಳರಿಗೇ ಸ್ಪೆಲಿಂಗ್ ಕಲಿಸಿದ್ದೀರಲ್ಲ ಮಾವ! ಅಯ್ಯೋ ದೇವರೇ, ಕಳ್ಳರಿಗೆ!" ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟರು. ನಾನೂ ನಕ್ಕೆ. ಮಾವ ಮೊದಲು ಅತ್ತರೋ ನಕ್ಕರೋ ಹೇಳುವುದು ಕಷ್ಟ, ಕೊನೆಗೆ ಮೂವರದ್ದೂ ಒಂದೇ ಸದ್ದಾಯಿತು.

ಟೀಚರ್ ಐದಕ್ಕೆ ಸರಿಯಾಗಿ ಬಂದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಆ ಗ್ರಂಥಾಲಯದ ದನಿಗಳನ್ನು ಕೇಳಿಯೇ ಓದಿ ಟೀಚರ್ ಆದವರು. ನಡೆದದ್ದನ್ನು ಅಕ್ಕ ಹೇಳಿದಾಗ ಏಳು ಡ್ರೈವುಗಳನ್ನೂ ಒಂದೊಂದಾಗಿ ಅಂಗೈಯಲ್ಲಿ ತೂಗಿ ನೋಡಿದರು.

"ಏಳು ಸಾಕು ಬಿಡಿ ಸದ್ಯಕ್ಕೆ. ಮೂಲ ಮೊದಲು ಉಳೀಲಿ. ಮಿಕ್ಕ ಶಾಲೆಗಳು ಕಾಯ್ತವೆ."

ಮೂರ್ಛೆ ರೋಗದ ಕಂಪ್ಯೂಟರಿಗೆ ಫ್ಯಾನು ತಿರುಗಿಸಿಟ್ಟು ಅಕ್ಕ ನಕಲು ಶುರುಮಾಡಿದರು. ಡ್ರೈವಿನ ಹಸಿರು ದೀಪ ಮಿಣಮಿಣ ಎಂದಿತು. ಮಾವನಿಗೆ ಅಷ್ಟು ಸಾಲದು, ಹೋಗಿದ್ದು ಸರಿಯಾಗಿ ಹೋಗಿದೆಯೇ ಎಂದು ತಾಳೆ ನೋಡಬೇಕು. ಎಡಗಿವಿಗೆ ಮೂಲ, ಬಲಗಿವಿಗೆ ನಕಲು ಬರುವಂತೆ ತಂತಿ ಜೋಡಿಸಿಕೊಂಡು ಕಣ್ಣು ಮುಚ್ಚಿ ಕೂತರು. ಅಕ್ಕ ಸ್ಪೀಕರನ್ನೂ ಹಾಕಿದರು.

ಭೂಗೋಳದ ಪಾಠ. ಒಬ್ಬ ಗಂಡಸು ಗಂಭೀರವಾಗಿ ಓದುತ್ತಿದ್ದ. ಭೂಮಿಯೊಳಗೆ ಬಂಡೆ ಕರಗುವುದು, ಒತ್ತಡ ಹೆಚ್ಚುವುದು, ಬಾಯಿ ತೆರೆಯುವುದು. "ಆಗ ಜ್ವಾಲಾಮುಖಿಯು..." ಎಂದವನು ತಡೆದ. ಮರುಕ್ಷಣ ಅಂಗಡಿಯೇ ಅದುರುವಂಥ ಸೀನು. "ಕ್ಷಮಿಸಿ," ಎಂದು ಹಾಳೆ ತಿರುವಿದ. ಮತ್ತೆ ಇನ್ನೊಂದು, ಮೊದಲಿಗಿಂತ ದೊಡ್ಡದು.

ಮಾವ ಬೆಚ್ಚಿ ಕಣ್ಣು ಬಿಟ್ಟರು. ಕೈ ತಾನಾಗಿ ಜೇಬಿನತ್ತ ಹೋಗುತ್ತಿತ್ತು. "ಟೀಚರ್, ಇದನ್ನ ತೆಗೆದುಬಿಡಬಹುದಲ್ವಾ? ಎರಡೇ ಸೆಕೆಂಡು."

"ಅಯ್ಯಯ್ಯೋ, ಮುಟ್ಟಬೇಡಿ ಮಾವ!" ಟೀಚರ್ ಎರಡೂ ಕೈ ಅಡ್ಡ ಹಿಡಿದರು. "ನಮ್ಮ ಮಕ್ಕಳು ಆ ಸೀನಿಗೋಸ್ಕರಾನೇ ಈ ಪಾಠ ಕೇಳೋದು. ನಾನೂ ಹಂಗೇ ಕಲಿತಿದ್ದು. ಪರೀಕ್ಷೇಲಿ ಜ್ವಾಲಾಮುಖಿ ಪ್ರಶ್ನೆ ಒಬ್ಬರೂ ತಪ್ಪು ಮಾಡಲ್ಲ ಗೊತ್ತಾ?"

ಮಾವ ಜೇಬಿನತ್ತ ಹೋಗಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. ಮತ್ತೆ ಹಿಂದಕ್ಕೆ ತಿರುಗಿಸಿ, ಎರಡೂ ಕಿವಿಯಲ್ಲಿ ಆ ಜಾಗವನ್ನು ಇನ್ನೊಮ್ಮೆ ಕೇಳಿದರು. ಆಮೇಲೆ ತಾಳೆ ನೋಡಿದ್ದನ್ನು ಬರೆದಿಡಲು ಒಂದು ಪುಸ್ತಕ ತೆರೆದು, ಮೊದಲ ಸಾಲಿನಲ್ಲಿ ಕೆಂಪು ಶಾಯಿಯಿಂದ ಬರೆದರು: "ಮೂಲದಲ್ಲಿ ಸೀನು ಎರಡು. ನಕಲಿನಲ್ಲಿ ಎರಡು. ಸರಿ ಇದೆ."